ರತ್ನಿಗಾಗಿ ತೆಗೆದ ಲ್ಯಾವೆಂಡರ್ ಹೂಗಳು

ಹೊರಡುವ ಮುಂಚೆ

ಇಂಗ್ಲೆಂಡಿಗೆ ಹೋಗಿ ಬಂದವರು ಅಲ್ಲಿನ ಅರಮನೆ, ಸೇತುವೆ, ನೆಲದೊಳಗೆ ಓಡುವ ರೈಲು ಇವುಗಳ ಬಗ್ಗೆ ಬರೆಯುತ್ತಾರೆ. ನಾನು ಅವುಗಳಲ್ಲಿ ಯಾವುದನ್ನೂ ಸರಿಯಾಗಿ ನೋಡಲಿಲ್ಲ. ಒಂದು ಆಸ್ಪತ್ರೆ ನೋಡಿದೆ, ಒಬ್ಬ ಮುದುಕಿಯ ತೋಟ ನೋಡಿದೆ, ಆ ತೋಟದ ಹೂಗಳನ್ನು ಒಂದು ಗೇಣು ದೂರದಿಂದ ನೋಡಿದೆ. ಬಂದಾಗಿನಿಂದ ದೇವನಹಳ್ಳಿಯಲ್ಲಿ ಸಿಕ್ಕಸಿಕ್ಕವರೆಲ್ಲ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಮೊದಲಿನಿಂದ ಹೇಳುವ ಶಕ್ತಿ ನನಗಿಲ್ಲ. ಒಂದೇ ಸಲ ಬರೆದುಬಿಡುತ್ತೇನೆ.

ನಮ್ಮದು ಬೂದಿಗೆರೆಯ ಒಕ್ಕಲು ಮನೆತನ. ಅಣ್ಣಂದಿರು ಹೊಲ ನೋಡಿಕೊಂಡರು, ನಾನು ದೇವನಹಳ್ಳಿ ಪೇಟೆಯಲ್ಲಿ ಫೋಟೋ ಅಂಗಡಿ ಇಟ್ಟೆ. ಮದುವೆಯ ಜೋಡಿ, ಸ್ಕೂಲಿನ ಗುಂಪು, ಹೆಣಕ್ಕೆ ಹೂವಿನ ಹಾರ ಹಾಕಿ ಕೂರಿಸಿದ ಚಿತ್ರ, ಇವೇ ನನ್ನ ಕಸುಬು. ನನ್ನ ಹಿರಿಯ ಮಗಳು ರತ್ನಮ್ಮ, ಮನೆಯಲ್ಲಿ ರತ್ನಿ. ಹೊರಟಾಗ ಅವಳಿಗೆ ಹನ್ನೆರಡು ವರ್ಷ.

ರತ್ನಿಗೆ ಒಂಬತ್ತು ತುಂಬುವ ಹೊತ್ತಿಗೆ ಕತ್ತಲಾದ ಮೇಲೆ ಏನೂ ಕಾಣದೆ ಗೋಡೆ ತಡವರಿಸಿ ನಡೆಯುವುದು ಶುರುವಾಯಿತು. ಇರುಳುಗಣ್ಣು ಎಂದು ಸೊಪ್ಪು ತಿನ್ನಿಸಿದೆವು. ಆಮೇಲೆ ಹಗಲಿನಲ್ಲಿಯೂ ಎಡವತೊಡಗಿದಳು. ಎದುರಿಗೇ ಇರುವ ಬಿಂದಿಗೆ ಒದೆಯುವಳು, ಬಾಗಿಲಿನ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವಳು. ಆದರೆ ಅಜ್ಜಿಯ ಸೂಜಿಗೆ ದಾರ ಪೋಣಿಸಿಕೊಡುವವಳು ಅವಳೇ. ಸೂಜಿಯ ಕಣ್ಣು ಕಾಣುವ ಹುಡುಗಿಗೆ ಬಿಂದಿಗೆ ಕಾಣುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಮೈಮೇಲೆ ಗ್ಯಾನ ಇಲ್ಲ ಎಂದರು ಎಲ್ಲರೂ. ನಾನೂ ಅದನ್ನೇ ಅಂದೆ. ಒಂದು ದಿನ ವಿಜಯಪುರದಿಂದ ಬಂದ ಮದುಮಕ್ಕಳನ್ನು ಕೂರಿಸಿ ತಲೆಗೆ ಕಪ್ಪು ಬಟ್ಟೆ ಹಾಕಿಕೊಳ್ಳುತ್ತಿದ್ದಾಗ ರತ್ನಿ ಕ್ಯಾಮೆರಾದ ಮುಕ್ಕಾಲಿಗೆ ಎಡವಿದಳು. ಕ್ಯಾಮೆರಾ ನೆಲಕ್ಕೆ ಬಿತ್ತು, ಹಿಂಬದಿಯ ಗಾಜು ಒಡೆಯಿತು. ಬೀಗರೆಲ್ಲರ ಎದುರಿಗೆ ಅವಳ ಕೆನ್ನೆಗೆ ಹೊಡೆದೆ. ಅವಳು ಅಳಲಿಲ್ಲ. ಏಟು ಎಲ್ಲಿಂದ ಬಂತು ಎಂದು ಆ ಕಡೆ ಈ ಕಡೆ ತಲೆ ತಿರುಗಿಸಿ ಹುಡುಕಿದಳು.

ನನ್ನ ಹೆಂಡತಿಯ ತಮ್ಮ ನಾರಾಯಣಪ್ಪ ಡಾಕ್ಟರಿಕೆ ಕಲಿತು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಹೆಚ್ಚಿನ ಅಭ್ಯಾಸಕ್ಕಿದ್ದ. ಬೆಂಗಳೂರಿನ ಕಣ್ಣಿನ ಡಾಕ್ಟರು ಕೈಚೆಲ್ಲಿದ ಮೇಲೆ ಅವನು ಕಾಗದ ಬರೆದು, ಅಲ್ಲಿ ಬಹಳ ದೊಡ್ಡವರೊಬ್ಬರಿದ್ದಾರೆ, ಕರೆದುಕೊಂಡು ಬನ್ನಿ ಎಂದ. ಹೇಗೆ ಹೊಂದಿಸಿಕೊಂಡು ಹೋದೆವು ಎಂಬುದು ಇಲ್ಲಿ ಬೇಡ. ಸ್ವಾತಂತ್ರ್ಯ ಬಂದ ಮರುವರ್ಷದ ಬೇಸಿಗೆಯಲ್ಲಿ ಹೊರಟೆವು. ಹೆಂಡತಿ ಕೆಂಪಮ್ಮನ ಕಂಕುಳಲ್ಲಿ ಆಗ ಇನ್ನೂ ನಡೆಯಲು ಬಾರದ ಮಗ ಇದ್ದ. ಅವಳು ರತ್ನಿಯ ತಲೆ ನೇವರಿಸಿ ಒಂದೇ ಮಾತು ಹೇಳಿದಳು: "ಕಣ್ಣು ಮಾಡಿಸ್ಕೊಂಡು ಬಾ ಮಗ."

ಹಡಗಿನಲ್ಲಿ

ಹಡಗಿನ ಮೊದಲ ವಾರ ನಾನು ವಾಂತಿ ಮಾಡಿಕೊಂಡು ಮಲಗಿದ್ದೆ. ರತ್ನಿಗೆ ಏನೂ ಆಗಲಿಲ್ಲ. ಬೇಯಿಸಿದ ಆಲೂಗೆಡ್ಡೆ, ಉಪ್ಪಿಲ್ಲದ ಕೋಸು, ಎಲ್ಲವನ್ನೂ ತಿಂದಳು. ಮುದ್ದೆಯಿಲ್ಲದ ಊಟ ಊಟವೇ ಅಲ್ಲ ಎಂದು ನಾನು ಗೊಣಗಿದರೆ, "ಹಂಗಂದ್ರೆ ಹೊಟ್ಟೆ ಕೇಳ್ತದಾ ಅಪ್ಪ?" ಎಂದು ನನ್ನ ತಟ್ಟೆಯನ್ನೂ ಮುಗಿಸಿದಳು.

ಏಡನ್ ದಾಟಿದ ಮೇಲೆ ನಾನು ಎದ್ದು ಮೇಲಕ್ಕೆ ಬಂದೆ. ಇಬ್ಬರೂ ಹಡಗಿನ ಅಂಚಿನ ಕಟಕಟೆ ಹಿಡಿದು ನಿಂತಿದ್ದೆವು. ರತ್ನಿ ದೂರಕ್ಕೆ ಬೆರಳು ತೋರಿಸಿ, "ಅಪ್ಪ, ಅಲ್ಲೊಂದು ಹಡಗು," ಎಂದಳು. ನನಗೆ ಏನೂ ಕಾಣಲಿಲ್ಲ. ಪಕ್ಕದಲ್ಲಿ ಉಣ್ಣೆ ಹೆಣೆಯುತ್ತ ಕುಳಿತಿದ್ದ ದೊರೆಸಾನಿಗೂ ಕಾಣಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸಮುದ್ರದ ಅಂಚಿನಲ್ಲಿ ಸಾಸಿವೆಯಷ್ಟು ಕಪ್ಪು ಕಂಡಿತು. ನಿಜವಾಗಿಯೂ ಹಡಗೇ. ನನಗೆ ಎಷ್ಟು ಸಂತೋಷವಾಯಿತೆಂದರೆ, ಸಮುದ್ರದ ಗಾಳಿಗೇ ಕಣ್ಣು ಸರಿಹೋಗುತ್ತಿದೆ ಎಂದುಕೊಂಡೆ. ಆ ಸಂತೋಷದಲ್ಲಿ ಅವಳ ಕೈ ಬಿಟ್ಟೆ. ತಿರುಗಿ ನಾಲ್ಕು ಹೆಜ್ಜೆ ಇಟ್ಟವಳು ಎದುರಿನಲ್ಲಿದ್ದ ಹಗ್ಗದ ದೊಡ್ಡ ಸುರುಳಿಗೆ ಎಡವಿ ಮೊಣಕಾಲು ತರಚಿಕೊಂಡಳು. ದೊರೆಸಾನಿ, ಪಾಪ, ಮಗುವಿಗೆ ತಲೆಸುತ್ತು ಎಂದು ತನ್ನ ಕರವಸ್ತ್ರ ಕೊಟ್ಟಳು. ನಾನು ಹೌದು ಎಂದೆ.

ಟಿಲ್ಬರಿ

ಹಡಗು ಟಿಲ್ಬರಿ ಎಂಬ ಬಂದರಿಗೆ ಬಂತು. ಅಲ್ಲಿನ ಸುಂಕದ ಅಧಿಕಾರಿ ನನ್ನ ಪೆಟ್ಟಿಗೆಯಲ್ಲಿದ್ದ ರಾಗಿಹಿಟ್ಟಿನ ಚೀಲ ಹೊರಗೆ ತೆಗೆದು, ಇದೇನು ಎಂದ. ನನ್ನ ಇಂಗ್ಲಿಷು ಗಿರಾಕಿಗಳ ಹತ್ತಿರ "ಅಲ್ಲಾಡಬೇಡಿ, ಇಲ್ಲಿ ನೋಡಿ" ಎನ್ನುವುದಕ್ಕೆ ಸಾಕಾಗುವಷ್ಟು. ಊಟ ಎಂದೆ. ಅವನು ನಂಬಲಿಲ್ಲ. ಬಣ್ಣ ನೋಡಿ, ಗೋಡೆಗೆ ಬಳಿಯುವುದೇ ಎಂದು ಕೇಳಿದ. ಕೊನೆಗೆ ಬೆರಳು ಒದ್ದೆ ಮಾಡಿಕೊಂಡು ಒಂದು ಚಿಟಿಕೆ ನಾಲಿಗೆಗೆ ಇಟ್ಟ. ಹಸಿ ಹಿಟ್ಟು ಗಂಟಲಿಗೆ ಹತ್ತಿ ಕೆಮ್ಮತೊಡಗಿದ. ಮೀಸೆಯೆಲ್ಲ ರಾಗಿಯಾಯಿತು. ಕೆಮ್ಮು ನಿಂತ ಮೇಲೆ ಬಹಳ ಗಂಭೀರವಾಗಿ ನನಗೆ ಥ್ಯಾಂಕ್ಸ್ ಹೇಳಿದ. ಆ ದೇಶದಲ್ಲಿ ಎಲ್ಲದಕ್ಕೂ ಥ್ಯಾಂಕ್ಸ್. ಕಾಲು ತುಳಿದರೆ ತುಳಿಸಿಕೊಂಡವನೇ ಕ್ಷಮಿಸಿ ಎನ್ನುತ್ತಾನೆ. ರತ್ನಿ ಹೊಟ್ಟೆ ಹಿಡಿದು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಆ ಪ್ರಯಾಣದಲ್ಲಿ ಮತ್ತೆ ನಾನು ಕೇಳಲಿಲ್ಲ.

ಲಂಡನ್

ಆಸ್ಪತ್ರೆಯಲ್ಲಿ ಮೂರು ದಿನ ಪರೀಕ್ಷೆ. ಕತ್ತಲೆ ಕೋಣೆಯಲ್ಲಿ ಅವಳ ಗಲ್ಲವನ್ನು ಒಂದು ಕಟ್ಟೆಯ ಮೇಲೆ ಇಟ್ಟು, ಎದುರಿಗೆ ಬಿಲ್ಲಿನಂತೆ ಬಾಗಿದ ಕಬ್ಬಿಣದ ಪಟ್ಟಿ ಇಟ್ಟರು. ಆ ಪಟ್ಟಿಯ ಮೇಲೆ ಒಂದು ಬಿಳಿ ಮಣಿಯನ್ನು ತುದಿಯಿಂದ ಮೆಲ್ಲಗೆ ಒಳಗೆ ತರುವರು. ಕಂಡ ತಕ್ಷಣ ಹೇಳಬೇಕು. ನಾನು ಮೂಲೆಯಲ್ಲಿ ನಿಂತು ನೋಡಿದೆ. ಮಣಿ ಬರುತ್ತಲೇ ಇತ್ತು, ಬರುತ್ತಲೇ ಇತ್ತು, ರತ್ನಿ ಸುಮ್ಮನಿದ್ದಳು. ನಡುವಿಗೆ ಬಂದಾಗ ಮಾತ್ರ "ಹ್ಞೂ" ಎಂದಳು. ನರ್ಸು ಕಾಗದದ ಮೇಲೆ ಚುಕ್ಕೆ ಇಟ್ಟಳು.

ದೊಡ್ಡ ಡಾಕ್ಟರು ಬಹಳ ಎತ್ತರದ ಮನುಷ್ಯ. ಮೂರನೆಯ ದಿನ ನಾರಾಯಣನ ಹತ್ತಿರ ಕಾಲು ಗಂಟೆ ಮಾತಾಡಿದರು. ಆಮೇಲೆ ಎದ್ದು ಬಂದು, ದೊಡ್ಡವರಿಗೆ ಕೊಡುವ ಹಾಗೆ ರತ್ನಿಗೆ ಕೈಕುಲುಕಿದರು. ಅಷ್ಟರಿಂದಲೇ ನನಗೆ ತಿಳಿಯಿತು. ವಾಸಿ ಮಾಡುವವರು ಮಗುವಿಗೆ ಕೈಕುಲುಕಬೇಕಾಗಿಲ್ಲ.

ನಾರಾಯಣ ಅವಳನ್ನು ಒಂದು ಬೆಂಚಿನ ಮೇಲೆ ಕೂರಿಸಿ ನನ್ನನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದ.

"ಭಾವ, ಇದಕ್ಕೆ ಇಲ್ಲೂ ಔಷಧಿ ಇಲ್ಲ. ಎಲ್ಲೂ ಇಲ್ಲ."

"ಆಪರೇಷನ್?"

"ಇಲ್ಲ ಭಾವ. ಕಣ್ಣಿನ ಹಿಂದಿನ ಪೊರೆ, ಕಾಗದ ಅಂಚಿಂದ ಸುಟ್ಕೊಂಡು ಬರ್ತದಲ್ಲ, ಹಂಗೆ ಹೋಗ್ತಾ ಐತೆ. ನಿಲ್ಲಿಸಕ್ಕೆ ಆಗಲ್ಲ."

"ಎಷ್ಟು ದಿನ?"

"ಅವರೂ ಹೇಳಕ್ಕಾಗಲ್ಲ. ನಾಲ್ಕು ವರ್ಷ ಅಂತಿದ್ದಾರೆ. ಜಾಸ್ತಿ ಆದ್ರೂ ಆಗ್ಬೋದು."

ಅಕ್ಕನಿಗೆ ಹೇಗೆ ಬರೆಯಲಿ ಎಂದು ಕೇಳಿ ಅವನು ಅಳತೊಡಗಿದ. ಬರೆಯಬೇಡ, ನಾನೇ ಹೋಗಿ ಹೇಳುತ್ತೇನೆ ಎಂದೆ. ರತ್ನಿಗೂ ಹೇಳಬಾರದು ಎಂದು ಮಾತು ತೆಗೆದುಕೊಂಡೆ. ಅವನು ಒಂದು ಸೀಸೆ ಮೀನೆಣ್ಣೆ ತಂದುಕೊಟ್ಟ. ಅದನ್ನೇ ಔಷಧಿ ಎಂದು ಅವಳಿಗೆ ದಿನಾ ಒಂದು ಚಮಚ ಕುಡಿಸಿದೆ.

ಬಾಡಿಗೆ ಕೋಣೆಗೆ ನಡೆದು ಬರುವಾಗ ಬಾಂಬು ಬಿದ್ದ ಬೀದಿಯೊಂದನ್ನು ದಾಟಬೇಕಿತ್ತು. ಮನೆಗಳ ಮುಂಭಾಗ ನಿಂತಿತ್ತು, ಹಿಂದೆ ಏನೂ ಇರಲಿಲ್ಲ. ಕುಸಿದ ಇಟ್ಟಿಗೆಗಳ ಮಧ್ಯೆ ಆಳೆತ್ತರದ ಗುಲಾಬಿ ಬಣ್ಣದ ಕಾಡುಹೂ ತೆನೆತೆನೆಯಾಗಿ ಬೆಳೆದಿತ್ತು. ರತ್ನಿ ನಿಂತಳು.

"ಅಪ್ಪ, ಮನೆ ಒಳಗೆ ಹೂವು!"

ಬೇಲಿಯ ಆಚೆ ಇದ್ದದ್ದರಿಂದ ಹತ್ತಿರ ಹೋಗಲು ಆಗಲಿಲ್ಲ. ಅವಳು ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ. ಅವಳನ್ನು ನೋಡುತ್ತ ನಾನು ಒಂದು ನಿರ್ಧಾರ ಮಾಡಿದೆ. ಕಣ್ಣು ಕೊಡಿಸಲು ನನ್ನ ಕೈಯಲ್ಲಿ ಆಗಲಿಲ್ಲ. ಫೋಟೋ ತೆಗೆಯುವುದು ಆಗುತ್ತದೆ. ಈ ದೇಶದ ಹೂಗಳನ್ನೆಲ್ಲ ಹತ್ತಿರದಿಂದ ತೆಗೆದು, ಒಂದೊಂದು ಎಸಳನ್ನೂ ಬಾಳೆ ಎಲೆಯಷ್ಟು ದೊಡ್ಡದು ಮಾಡಿ, ಕಣ್ಣು ಪೂರ್ತಿ ಹೋಗುವುದರೊಳಗೆ ಅವಳಿಗೆ ತೋರಿಸಿಬಿಡುತ್ತೇನೆ. ಮಂದವಾಗುತ್ತಿರುವ ಕಣ್ಣಿಗೆ ದೊಡ್ಡದು ಮಾಡಿದ್ದಾದರೂ ಕಂಡೀತು.

ಮಿಸೆಸ್ ಹಾಲೆಟ್ ಅವರ ಮನೆ

ವಾಪಸು ಹಡಗಿಗೆ ಐದು ವಾರ ಕಾಯಬೇಕಿತ್ತು. ನಾರಾಯಣ ನಮ್ಮನ್ನು ಲಂಡನ್ನಿನಿಂದ ಒಂದು ಗಂಟೆ ರೈಲಿನ ದೂರದ ಹಳ್ಳಿಗೆ ಕಳಿಸಿದ. ಅಲ್ಲಿ ಅವನಿಗೆ ಪರಿಚಯವಿದ್ದ ಮಿಸೆಸ್ ಹಾಲೆಟ್ ಎಂಬ ಮುದುಕಿ ಮೇಲಿನ ಕೋಣೆ ಕೊಟ್ಟಳು. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದ ಹೆಂಗಸು. ಬೆಳಗ್ಗೆ ಎದ್ದರೆ ಮೊದಲು ಹವಾಮಾನದ ಮಾತು, ಆಮೇಲೆ ಉಳಿದದ್ದು. ನಮ್ಮೂರಲ್ಲಿ ಊಟ ಆಯಿತೇ ಎಂದು ಕೇಳುವ ಹಾಗೆ ಅಲ್ಲಿ ಮಳೆ ಬರುತ್ತದೆಯೇ ಎಂದು ಕೇಳುತ್ತಾರೆ. ಎರಡಕ್ಕೂ ಉತ್ತರ ಯಾರಿಗೂ ಬೇಕಿಲ್ಲ.

ಯುದ್ಧ ಗೆದ್ದವರ ಮನೆಯಲ್ಲಿಯೂ ಸಕ್ಕರೆ, ಬೆಣ್ಣೆ, ಮೊಟ್ಟೆ ಎಲ್ಲ ಅಳತೆಯ ಮೇಲೆ. ವಾರಕ್ಕೆ ತನಗೆ ಬರುತ್ತಿದ್ದ ಒಂದು ಮೊಟ್ಟೆಯನ್ನು ಆಕೆ ರತ್ನಿಯ ತಟ್ಟೆಗೆ ಇಡುತ್ತಿದ್ದಳು. ಬೇಡವೆಂದರೆ ತನಗೆ ಮೊಟ್ಟೆಯ ವಾಸನೆ ಆಗುವುದಿಲ್ಲ ಎನ್ನುವಳು. ರತ್ನಿಗೆ ಇಂಗ್ಲಿಷು ಬಾರದು, ಆಕೆಗೆ ಕನ್ನಡ ಬಾರದು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿಯೇ ಮಾತಾಡಿಕೊಂಡು ಬಟಾಣಿ ಸುಲಿಯುತ್ತಿದ್ದರು.

ಮನೆಯ ಹಿಂದೆ ತೋಟ. ಯುದ್ಧದ ಕಾಲದಲ್ಲಿ ಹೂವೆಲ್ಲ ಕಿತ್ತು ಆಲೂಗೆಡ್ಡೆ ಹಾಕಿದ್ದರಂತೆ. ಈಗ ಒಂದೊಂದೇ ಪಾತಿಯಾಗಿ ಹೂವಿಗೆ ಹಿಂದಿರುಗಿಸುತ್ತಿದ್ದಳು. ಗುಲಾಬಿ ಇತ್ತು, ಡೇಲಿಯ ಇತ್ತು, ಬಟಾಣಿಯ ಬಳ್ಳಿಯಂತೆ ಹಬ್ಬಿ ಘಮಗುಡುವ ಒಂದು ಹೂವಿತ್ತು, ಬೆಕ್ಕಿನ ಮುಖದಂಥ ಪ್ಯಾನ್ಸಿ ಇತ್ತು. ಕಾಲುದಾರಿಯ ಎರಡು ಬದಿಗೂ ಮೊಣಕಾಲೆತ್ತರದ ಬೇಲಿಯಾಗಿ ಲ್ಯಾವೆಂಡರ್. ಅದನ್ನು ಮಾತ್ರ ಯುದ್ಧದಲ್ಲಿಯೂ ಕೀಳಿಸಲಿಲ್ಲ ಎಂದು ಆಕೆ ಹೆಮ್ಮೆಯಿಂದ ಹೇಳಿದಳು. ನೋಡಲು ನಮ್ಮ ಕಾಮಕಸ್ತೂರಿಯ ತೆನೆಯ ಹಾಗೆ, ಬಣ್ಣ ನೇರಳೆ. ರತ್ನಿ ಒಂದು ತೆನೆ ತಿಕ್ಕಿ ಮೂಸಿ, "ಮರುಗ ಅಲ್ಲ, ದವನ ಅಲ್ಲ. ಎರಡನ್ನೂ ಬಿಸ್ಲಲ್ಲಿ ಇಟ್ಟಂಗೈತೆ," ಎಂದಳು.

ಲ್ಯಾವೆಂಡರ್ ಬೇಲಿ

ನನ್ನ ಹತ್ತಿರ ಇದ್ದದ್ದು ಮಡಚುವ ಕ್ಯಾಮೆರಾ. ಅದಕ್ಕೆ ಮೂರು ಅಡಿಗಿಂತ ಹತ್ತಿರದ ವಸ್ತು ತೆಗೆಯಲು ಬರುವುದಿಲ್ಲ. ಲಂಡನ್ನಿನಲ್ಲಿ ಒಂದು ಸಣ್ಣ ಮಸೂರ ಕೊಂಡು ಮುಂದೆ ಸಿಕ್ಕಿಸಿಕೊಂಡೆ. ಆಗ ಗೇಣು ದೂರದ ಹೂವು ಸಿಗುತ್ತದೆ, ಆದರೆ ಸರಿಯಾಗಿ ಗೇಣೇ ಇರಬೇಕು. ಬೆರಳಗಲ ಹಿಂದೆ ಮುಂದೆ ಆದರೂ ಹೂವು ಹೊಗೆಯಾಗುತ್ತದೆ.

ಫಿಲ್ಮಿನ ಮೊದಲ ಸುರುಳಿಯನ್ನು ಹಳ್ಳಿಯ ಔಷಧಿ ಅಂಗಡಿಯವರು ತೊಳೆದುಕೊಟ್ಟರು. ಅಲ್ಲಿ ಫೋಟೋ ತೊಳೆಯುವವರು ಔಷಧಿ ಅಂಗಡಿಯವರೇ. ಎಂಟು ಚಿತ್ರದಲ್ಲಿ ಎಂಟೂ ಹೂವಿಗೆ ತಲೆ ಇರಲಿಲ್ಲ. ಇಪ್ಪತ್ತು ವರ್ಷ ಈ ಕಸುಬು ಮಾಡಿದವನಿಗೆ ನಾಚಿಕೆಯಾಯಿತು. ನಾವು ನೋಡುವ ಕಿಂಡಿ ಮೇಲಿದೆ, ಚಿತ್ರ ಬೀಳುವ ಗಾಜು ಕೆಳಗಿದೆ. ಇಷ್ಟು ಹತ್ತಿರದಲ್ಲಿ ಕಿಂಡಿಯಲ್ಲಿ ಕಂಡದ್ದೇ ಬೇರೆ, ಗಾಜಿಗೆ ಬಿದ್ದದ್ದೇ ಬೇರೆ.

ಆಮೇಲೆ ಉಪಾಯ ಮಾಡಿದೆ. ಮಸೂರದ ಅಂಚಿಗೆ ಒಂದು ದಾರ ಕಟ್ಟಿ ಗೇಣು ದೂರಕ್ಕೆ ಗಂಟು ಹಾಕಿದೆ. ರತ್ನಿ ಆ ಗಂಟನ್ನು ಹೂವಿಗೆ ಮುಟ್ಟಿಸಿ ಹಿಡಿಯುವಳು. ನಾನು ಕಿಂಡಿ ನೋಡದೆ, ದಾರ ಮಸೂರದ ಎದುರಿಗೆ ನೇರವಾಗಿ ಬಿಗಿಯುವ ತನಕ ಮುಕ್ಕಾಲಿ ಸರಿಸುವೆ.

"ಮುಟ್ತಾ?"

"ಮುಟ್ತು ಅಪ್ಪ."

"ಸರ್ಕೋ."

ಅವಳು ಕೈ ತೆಗೆದು ಬದಿಗೆ ಸರಿದ ಮೇಲೆ ಗಾಳಿ ನಿಲ್ಲುವುದನ್ನು ಕಾಯಬೇಕು. ಲ್ಯಾವೆಂಡರ್ ಕಡ್ಡಿ ನಮ್ಮ ರಾಗಿಯ ತೆನೆಯ ಹಾಗೆ ನೆಟ್ಟಗೆ ನಿಲ್ಲುವುದಿಲ್ಲ, ಉಸಿರಿಗೂ ತೂಗುತ್ತದೆ. ಗಾಳಿ ನಿಂತರೆ ಜೇನು ಬಂದು ಕೂರುತ್ತದೆ. ಜೇನು ಎದ್ದರೆ ಮೋಡ ಬರುತ್ತದೆ. ಒಂದು ಚಿತ್ರಕ್ಕೆ ಒಂದು ಬೆಳಗ್ಗೆ ಹೋದದ್ದುಂಟು.

ದಾರದ ಗಂಟನ್ನು ಸಾಸಿವೆಯಷ್ಟು ಸಣ್ಣ ಮೊಗ್ಗಿಗೆ ತಪ್ಪದೆ ಮುಟ್ಟಿಸುವ ಆ ಕೈಯನ್ನು ನೋಡುತ್ತ ನನಗೆ ಅನ್ನಿಸುತ್ತಿತ್ತು, ಈ ಹುಡುಗಿಗೆ ಕಣ್ಣು ಹೋಗುತ್ತದೆಯೇ? ದೊಡ್ಡ ಡಾಕ್ಟರಿಗೂ ತಪ್ಪು ಆಗಬಹುದಲ್ಲ. ಮರುಕ್ಷಣ ಅವಳು ಹಿಂದಕ್ಕೆ ಸರಿದು ನೀರಿನ ಡಬ್ಬದೊಳಗೆ ಕಾಲಿಡುವಳು. ನಾನು ಮತ್ತೆ ಕುಸಿಯುತ್ತಿದ್ದೆ. ದಿನಕ್ಕೆ ಹತ್ತು ಸಲ ಹೀಗೆ.

ಎರಡನೆಯ ವಾರ ಒಂದು ಬೆಳಗ್ಗೆ ದಾರ ಹಿಡಿದುಕೊಂಡೇ ಕೇಳಿದಳು.

"ಅಪ್ಪ, ಆಗಲ್ಲ ಅಂದ್ರಾ ಡಾಕ್ಟ್ರು?"

"ಯಾರಂದ್ರು ನಿಂಗೆ?"

"ಯಾರೂ ಅನ್ಲಿಲ್ಲ. ಮಾವ ಅತ್ತಿದ್ದ. ಕಣ್ಣು ಕೆಂಪಗಿತ್ತು."

"ನೆಗಡಿ ಆಗಿತ್ತು ಅವನಿಗೆ. ಔಷಧಿ ಕೊಟ್ಟವ್ರಲ್ಲ, ಕುಡೀತಾ ಇದೀಯಲ್ಲ."

ಅವಳ ಕೈಯ ದಾರ ಸಡಿಲವಾಯಿತು.

"ಅದು ಮೀನೆಣ್ಣೆ ಅಪ್ಪ. ಸ್ಕೂಲಲ್ಲಿ ಸಣಕಲ ಮಕ್ಕಳಿಗೆಲ್ಲ ಕೊಡ್ತಾರೆ."

ನಾನು ಕಪ್ಪು ಬಟ್ಟೆ ಬೇಕಿಲ್ಲದ ಕ್ಯಾಮೆರಾ ತಂದದ್ದಕ್ಕೆ ಆಗ ಬೇಜಾರಾಯಿತು. ಬಟ್ಟೆ ಇದ್ದಿದ್ದರೆ ಮುಖ ಒಳಗೆ ಇಟ್ಟುಕೊಳ್ಳಬಹುದಿತ್ತು. ದಾರ ಸರಿಯಾಗಿ ಹಿಡಿ ಎಂದೆ. ಹಿಡಿದಳು. "ಮುಟ್ತು," ಎಂದಳು. ಆ ಚಿತ್ರ ಬಹಳ ಚೆನ್ನಾಗಿ ಬಂತು. ತೆನೆಯ ಒಂದೊಂದು ಮೊಗ್ಗಿನ ಮೇಲಿನ ರೋಮವೂ ಎಣಿಸುವ ಹಾಗಿತ್ತು.

ಕೊನೆಯ ವಾರ

ಆ ಲ್ಯಾವೆಂಡರ್ ಚಿತ್ರವನ್ನೇ ದೊಡ್ಡದು ಮಾಡಿಸಲು ಕೊಟ್ಟೆ. ಔಷಧಿ ಅಂಗಡಿಯವರ ಹತ್ತಿರ ಇದ್ದ ಕಾಗದದಲ್ಲಿ ಅತಿ ದೊಡ್ಡದು, ಒಂದು ಮೊಳಕ್ಕಿಂತ ಉದ್ದ. ಒದ್ದೆಯಲ್ಲೇ ನೋಡಿದೆ. ನನ್ನ ಜನ್ಮದಲ್ಲಿ ಅಷ್ಟು ಒಳ್ಳೆಯ ಚಿತ್ರ ತೆಗೆದಿಲ್ಲ. ಆದರೆ ಬಣ್ಣವಿಲ್ಲ, ನೇರಳೆಯೆಲ್ಲ ಬೂದಿ. ಊರಿನಲ್ಲಿ ಮದುಮಗಳ ಸೀರೆಗೆ ಬಣ್ಣ ಹಚ್ಚುವ ಹಾಗೆ ಇದಕ್ಕೂ ಹಚ್ಚಬೇಕೆಂದು ಮಿಸೆಸ್ ಹಾಲೆಟ್ ಅವರ ಹಳೆಯ ಬಣ್ಣದ ಪೆಟ್ಟಿಗೆ ತೆಗೆದುಕೊಂಡು ಎರಡು ದಿನ ಕುಳಿತೆ. ರತ್ನಿಯನ್ನು ಕೋಣೆಗೆ ಬಿಡಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅದನ್ನು ಕಿಟಕಿಯ ಬೆಳಕಿನಲ್ಲಿ ಕುರ್ಚಿಯ ಮೇಲೆ ನಿಲ್ಲಿಸಿ ಅವಳನ್ನು ಕರೆದೆ. ಮಿಸೆಸ್ ಹಾಲೆಟ್ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಳು. ರತ್ನಿಯ ಭುಜ ಹಿಡಿದು ಚಿತ್ರದ ಮುಂದೆ ಹತ್ತಿರದಲ್ಲಿ ನಿಲ್ಲಿಸಿದೆ.

ಅವಳು ನೋಡಿದಳು. ತಲೆಯನ್ನು ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ, ಪುಸ್ತಕದ ಸಾಲು ಓದುವ ಹಾಗೆ ತಿರುಗಿಸಿದಳು. ಮತ್ತೆ ಮೊದಲಿನಿಂದ.

"ಇದೇನಪ್ಪ?"

"ನೋಡು, ಚೆನ್ನಾಗಿ ನೋಡು."

"ನೇರಳೆ ಬಣ್ಣ ಐತೆ. ಏನೋ ನವಿರು ನವಿರಾಗೈತೆ. ಆಮೇಲೆ ಮತ್ತೆ ನೇರಳೆ."

"ಲ್ಯಾವೆಂಡರ್ ಕಣೇ! ನೀನೇ ದಾರ ಹಿಡ್ದಿದ್ದೆಯಲ್ಲ!"

ಅವಳ ಮುಖದಲ್ಲಿ ಭಯ ಬಂತು. ನಾನು ಹೊಡೆಯುತ್ತೇನೆ ಎಂದುಕೊಂಡಳೋ ಏನೋ. "ಸಣ್ಣದು ಕೊಡಪ್ಪ," ಎಂದಳು. "ಅಂಗಡಿಯವ್ರು ಮೊದ್ಲು ಕೊಟ್ರಲ್ಲ, ಅಂಗೈಯಗಲದ್ದು. ಅದ್ರಲ್ಲಿ ಹೂವು ಪೂರ್ತಿ ಇತ್ತು. ಇದ್ರಲ್ಲಿ ಹೂವೇ ಇಲ್ಲ."

ನನಗೆ ಅರ್ಥವಾಗಲಿಲ್ಲ. ಅವಳೇ ಹಿಂದಕ್ಕೆ ಹೋದಳು. ಒಂದು ಹೆಜ್ಜೆ, ಎರಡು, ಮಂಚ ತಾಗಿತು, ಅದನ್ನು ಬಳಸಿ ಎದುರು ಗೋಡೆಗೆ ಬೆನ್ನು ಹಚ್ಚಿ ನಿಂತಳು. "ಹ್ಞಾ, ಈಗ ಹೂವಾಯ್ತು," ಎಂದಳು.

ನಾನು ಅಲ್ಲಿಗೆ ಹೋಗಿ ಅವಳ ಎದುರಿಗೆ ಮಂಡಿಯೂರಿದೆ.

"ರತ್ನಿ, ನಿಂಗೆ ಎಷ್ಟು ಕಾಣ್ತದೆ?"

ಮೂರು ವರ್ಷ ಎಲ್ಲರೂ ಕಾಣುತ್ತದೆಯೇ ಎಂದು ಕೇಳಿದ್ದೆವು. ಎಷ್ಟು ಎಂದು ಯಾರೂ ಕೇಳಿರಲಿಲ್ಲ. ಅವಳು ಹೆಬ್ಬೆರಳು ತೋರುಬೆರಳು ಸೇರಿಸಿ ಒಂದು ಉಂಗುರ ಮಾಡಿ, ಮೊಳದುದ್ದ ಕೈ ಚಾಚಿ, ಅದರೊಳಗಿಂದ ನನ್ನನ್ನು ನೋಡಿದಳು.

"ಇಷ್ಟು. ಈಗ ನಿನ್ನ ಮೂಗೂ ಒಂದು ಕಣ್ಣೂ ಕಾಣ್ತಾ ಐತೆ."

"ಸುತ್ತ? ಸುತ್ತ ಏನು ಐತೆ, ಕಪ್ಪಾ?"

"ಕಪ್ಪೂ ಇಲ್ಲ. ಏನೂ ಇಲ್ಲ. ಎಲ್ಲರಿಗೂ ಹಂಗೇ ಅಲ್ವಾ?"

ಎಲ್ಲರಿಗೂ ಹಾಗೆಯೇ ಎಂದುಕೊಂಡಿದ್ದಳು. ಉಳಿದವರೆಲ್ಲ ಹುಷಾರಾಗಿ ನಡೆಯುತ್ತಾರೆ, ತನಗೆ ಮಾತ್ರ ಗ್ಯಾನ ಇಲ್ಲ ಎಂದು ನಾವು ಹೇಳಿದ್ದನ್ನೇ ನಂಬಿಕೊಂಡಿದ್ದಳು.

ನಾನು ಕುರ್ಚಿಯ ಮೇಲಿದ್ದ ಚಿತ್ರವನ್ನು ತೆಗೆದು ಸುರುಳಿ ಸುತ್ತಿದೆ. ಎರಡು ದಿನ ಹಚ್ಚಿದ ಬಣ್ಣ ಬಿರುಕು ಬಿಟ್ಟಿತು. ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಆ ಕೊಳವೆ ಹಿಡಿದುಕೊಂಡು ಕೋಣೆಯಲ್ಲಿ ನಡೆದೆ. ಎದುರು ಗೋಡೆಯ ಗಡಿಯಾರದ ಮುಳ್ಳು ಸ್ಪಷ್ಟವಾಗಿ ಕಂಡಿತು. ಮಂಚದ ಮೂಲೆ ಕಾಲಿಗೆ ಬಡಿಯಿತು. ಮಿಸೆಸ್ ಹಾಲೆಟ್ ಬಾಗಿಲಿನಿಂದ ಒಂದು ಹೆಜ್ಜೆ ಬದಿಗೆ ಸರಿದಳು, ಇಲ್ಲವಾಗಿಬಿಟ್ಟಳು. ಸಮುದ್ರದ ಅಂಚಿನಲ್ಲಿ ಹಡಗು ಮೊದಲು ಕಂಡದ್ದು ಏಕೆ, ಕಾಲ ಬುಡದ ಹಗ್ಗ ಕಾಣದೆ ಹೋದದ್ದು ಏಕೆ, ಎಲ್ಲ ತಿಳಿಯಿತು. ನಾನು ಕೆನ್ನೆಗೆ ಹೊಡೆದ ದಿನ ಆ ಕೈ ಪಕ್ಕದಿಂದ ಬಂದಿತ್ತು. ಅವಳಿಗೆ ಅದು ಎಲ್ಲಿಯೂ ಇಲ್ಲದ ಜಾಗದಿಂದ ಬಂದ ಏಟು. ನಾರಾಯಣ ಮೆಟ್ಟಿಲ ಮೇಲೆ ಹೇಳಿದ್ದೂ ಇದನ್ನೇ, ಅಂಚಿನಿಂದ ಸುಟ್ಟುಕೊಂಡು ಬರುತ್ತದೆ ಎಂದು. ಇಪ್ಪತ್ತು ವರ್ಷ ಕ್ಯಾಮೆರಾದ ಸಣ್ಣ ಕಿಂಡಿಗೆ ಕಣ್ಣಿಟ್ಟು ಬದುಕಿದವನಿಗೆ ಆ ಮಾತು ತಿಳಿಯಲಿಲ್ಲ. ನಾನು ದೊಡ್ಡದು ಮಾಡುತ್ತಾ ಹೋದೆ. ದೊಡ್ಡದು ಮಾಡಿದಷ್ಟೂ ಅವಳ ಕೈಯಿಂದ ಹೂವನ್ನು ಕಿತ್ತುಕೊಂಡೆ.

ನಾನು ನೆಲದ ಮೇಲೆ ಕುಳಿತು ಅತ್ತೆ. ಮಿಸೆಸ್ ಹಾಲೆಟ್ ಒಳಗೆ ಬರಲಿಲ್ಲ. ಆ ದೇಶದಲ್ಲಿ ಅಳುವವರನ್ನು ಒಂಟಿಯಾಗಿ ಬಿಡುವುದು ಮರ್ಯಾದೆ. ಕೆಳಗೆ ಹೋಗಿ ಟೀ ಕಾಸಿ, ಬಟ್ಟಲನ್ನು ಬಾಗಿಲ ಹೊರಗೆ ಇಟ್ಟುಹೋದಳು. ಅದರಲ್ಲಿ ಆಕೆಯ ವಾರದ ಸಕ್ಕರೆಯೆಲ್ಲ ಇತ್ತೆಂದು ಕಾಣುತ್ತದೆ, ಪಾನಕದ ಹಾಗಿತ್ತು.

ಆಗಲೇ ರತ್ನಿಗೆ ಎಲ್ಲ ಹೇಳಿದೆ. ಔಷಧಿ ಇಲ್ಲ ಎಂದೆ. ಆ ಉಂಗುರ ವರ್ಷ ವರ್ಷವೂ ಸಣ್ಣದಾಗುತ್ತದೆ ಎಂದೆ. ಅವಳು ಬೆರಳಿನ ಉಂಗುರವನ್ನು ಸಣ್ಣ ಮಾಡಿ ನೋಡಿದಳು, ಇನ್ನೂ ಸಣ್ಣ ಮಾಡಿದಳು, ಬೆರಳು ಕೂಡಿಕೊಂಡವು.

"ಅಮ್ಮಂಗೆ ಹೇಳಿದೀಯಾ?" ಎಂದು ಕೇಳಿದಳು.

"ಇಲ್ಲ."

"ಹೇಳ್ಬೇಡ ಬಿಡು."

ಹಿಂದಿರುಗುವಾಗ

ಹಿಂದಿರುಗುವ ಹಡಗಿನ ಬಗ್ಗೆ ಬರೆಯಲು ಹೆಚ್ಚಿಲ್ಲ. ಉಳಿದ ಸುರುಳಿಗಳ ಅಂಗೈಯಗಲದ ಚಿತ್ರಗಳು ಚೀಲದಲ್ಲಿದ್ದವು. ರತ್ನಿ ಆಗಾಗ ತೆಗೆದು, ಕೈ ಚಾಚಿ ಹಿಡಿದು ನೋಡಿ, ಮತ್ತೆ ಕ್ರಮವಾಗಿ ಜೋಡಿಸಿ ಇಡುತ್ತಿದ್ದಳು. ನಾನು ಯಾವುದನ್ನೂ ನೋಡಲಿಲ್ಲ. ಕ್ಯಾಮೆರಾದಲ್ಲಿ ಇನ್ನೂ ಐದು ಚಿತ್ರಕ್ಕೆ ಜಾಗವಿತ್ತು. ಸೂಯೆಜ್ ಕಾಲುವೆಯಲ್ಲಿ ಎಲ್ಲರೂ ಕ್ಯಾಮೆರಾ ಹಿಡಿದು ಓಡಾಡುತ್ತಿದ್ದರು. ನನ್ನದನ್ನು ಹೊರಗೆ ತೆಗೆಯಲು ಮನಸ್ಸು ಬರಲಿಲ್ಲ.

ಹದಿನೇಳು ದಿನ ನಾನು ಯೋಚಿಸಿದ್ದು ಒಂದೇ, ಕೆಂಪಮ್ಮನಿಗೆ ಯಾವ ಮಾತಿನಿಂದ ಶುರು ಮಾಡಬೇಕು ಎಂದು. ರತ್ನಿ ಹೇಳಬೇಡ ಎಂದಿದ್ದಳು, ಆದರೆ ಹೇಳದೆ ಇಡುವ ವಿಷಯವಲ್ಲ. ಮನೆಗೆ ಹೋಗಿ, ಕೈಕಾಲು ತೊಳೆದು, ಊಟ ಮಾಡಿ, ಆಮೇಲೆ ಹೇಳುವುದೆಂದು ನಿಶ್ಚಯಿಸಿದೆ. ಬೊಂಬಾಯಿಯಿಂದ ತಂತಿ ಕೊಟ್ಟಾಗ ಬರುವ ದಿನವನ್ನಷ್ಟೇ ತಿಳಿಸಿದೆ.

ದೇವನಹಳ್ಳಿ ಸ್ಟೇಷನ್

ಬೆಂಗಳೂರಿನಿಂದ ಸಣ್ಣ ರೈಲಿನಲ್ಲಿ ಮಧ್ಯಾಹ್ನ ದೇವನಹಳ್ಳಿಗೆ ಬಂದೆವು. ನಮ್ಮ ಡಬ್ಬಿ ಎಲ್ಲಕ್ಕಿಂತ ಹಿಂದಿನದು. ನಾನು ಪೆಟ್ಟಿಗೆ ಇಳಿಸಿಕೊಳ್ಳುವಷ್ಟರಲ್ಲಿ ರತ್ನಿ ಇಳಿದು ನಿಂತು ತಲೆಯನ್ನು ಮೆಲ್ಲಗೆ ತಿರುಗಿಸುತ್ತ ಪ್ಲಾಟ್‌ಫಾರಂ ಉದ್ದಕ್ಕೂ ಹುಡುಕುತ್ತಿದ್ದಳು. ಆ ತುದಿಯಲ್ಲಿ, ಗೇಟಿನ ಹತ್ತಿರದ ಹೊಂಗೆ ಮರದ ಕೆಳಗೆ, ಹತ್ತಾರು ಜನರ ನಡುವೆ ಕೆಂಪಮ್ಮ ಹಸಿರು ಸೀರೆ ಉಟ್ಟು ನಿಂತಿದ್ದಳು. ನನಗೆ ಇನ್ನೂ ಗುರುತು ಸಿಕ್ಕಿರಲಿಲ್ಲ.

"ಅಮ್ಮಾ!" ಎಂದು ರತ್ನಿ ಕೂಗಿದಳು.

ಕೂಗಿದವಳು ಓಡಿದಳು. ನಾನು ತಡೆಯುವುದರೊಳಗೆ ಓಡಿಬಿಟ್ಟಳು. ನಡುವಿನ ಪ್ಲಾಟ್‌ಫಾರಂ ಆ ಹೊತ್ತಿನಲ್ಲಿ ಬರಿದಾಗಿತ್ತು, ಕಾಲಿಗೆ ಸಿಗುವಂಥದ್ದು ಏನೂ ಇರಲಿಲ್ಲ. ನೂರು ಹೆಜ್ಜೆ ದೂರದಿಂದ ಮಗಳು ತನ್ನನ್ನು ಗುರುತು ಹಿಡಿದು ನೇರವಾಗಿ ಓಡಿಬರುವುದನ್ನು ಕೆಂಪಮ್ಮ ಕಂಡಳು. ಎರಡು ಕೈಯನ್ನೂ ತಲೆಯ ಮೇಲೆ ಇಟ್ಟುಕೊಂಡಳು.

"ಅಯ್ಯೋ, ಕಂಡ್ಬಿಟ್ಲು! ಅಷ್ಟು ದೂರದಿಂದ ಕಂಡ್ಬಿಟ್ಲು! ಕಣ್ಣು ಬಂತು ಕಣ್ರಪ್ಪಾ, ನನ್ನ ಮಗಳಿಗೆ ಕಣ್ಣು ಬಂತು!"

ಸ್ಟೇಷನ್ನಿನಲ್ಲಿದ್ದವರೆಲ್ಲ ತಿರುಗಿದರು. ಯಾರೋ ಚಪ್ಪಾಳೆ ತಟ್ಟಿದರು. ನಾನು ಪೆಟ್ಟಿಗೆ ಅಲ್ಲೇ ಬಿಟ್ಟು ಅವಳ ಹಿಂದೆ ಓಡಿದೆ. ನಾವು ಹೊರಟಾಗ ಕಂಕುಳಲ್ಲಿದ್ದ ಮಗ ಈ ನಾಲ್ಕು ತಿಂಗಳಲ್ಲಿ ನಡೆಯಲು ಕಲಿತಿದ್ದ. ತಾಯಿ ಕೈ ಬಿಟ್ಟ ಕೂಡಲೆ, ಅಕ್ಕ ಬಂದಳು ಎಂದು ಅವನೂ ಎರಡು ಕೈ ಚಾಚಿ ತಟತಟನೆ ಎದುರಿಗೆ ಬರುತ್ತಿದ್ದ. ನಾನು "ರತ್ನಿ, ನಿಲ್ಲು" ಎಂದು ಅರಚಿದೆ. ಅವಳ ಉಂಗುರದ ತುಂಬ ತಾಯಿಯ ಮುಖವೇ ಇತ್ತು.

ಮೊಣಕಾಲು ಮಗುವಿನ ಎದೆಗೆ ಬಡಿದು ಇಬ್ಬರೂ ನೆಲಕ್ಕೆ ಬಿದ್ದರು. ಮಗು ಹಿಮ್ಮುಖವಾಗಿ ಬಿದ್ದು ಉಸಿರು ಕಟ್ಟಿ, ಆಮೇಲೆ ಚೀರತೊಡಗಿತು. ರತ್ನಿ ಮಣ್ಣಿನಲ್ಲಿ ಕೈಯಾಡಿಸುತ್ತ, "ಯಾರದು? ಅಮ್ಮ, ಏನಕ್ಕೆ ಬಡಿದೆ, ಯಾರದು?" ಎಂದು ಕೇಳುತ್ತಿದ್ದಳು. ತಮ್ಮ ಅವಳ ಬಲಗೈಯ ಪಕ್ಕದಲ್ಲೇ ಇದ್ದ.

ಚಪ್ಪಾಳೆ ನಿಂತಿತು. ಕೆಂಪಮ್ಮ ಮಗುವನ್ನು ಎತ್ತಿಕೊಳ್ಳಲು ಬಗ್ಗಿದವಳು ಹಾಗೆಯೇ ನಿಂತು, ಮಣ್ಣಿನಲ್ಲಿ ಹುಡುಕುತ್ತಿದ್ದ ಆ ಕೈಯನ್ನು ನೋಡಿದಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ಹದಿನೇಳು ದಿನ ಜ್ಞಾಪಿಸಿಟ್ಟುಕೊಂಡಿದ್ದ ಮಾತಿನಲ್ಲಿ ಒಂದಾದರೂ ಹೇಳೋಣವೆಂದು ನಾನು ಬಾಯಿ ತೆರೆದೆ. ಅವಳು ಬೇಡವೆಂದು ತಲೆಯಾಡಿಸಿ, ನೆಲದ ಮೇಲೆ ಕುಳಿತು, ರತ್ನಿಯ ಕೈ ಹಿಡಿದು ತಂದು ತಮ್ಮನ ತಲೆಯ ಮೇಲೆ ಇಟ್ಟಳು.